ಬಾಡಿಗೆ ಮನೆ ರಿಪೇರಿಯ ಬಿಲ್ಲುಗಳನ್ನು ಏನು ಮಾಡಬೇಕು?

ತುಮಕೂರಿನ ಆಡಿಟರ್ ಕಚೇರಿಯೊಂದರಲ್ಲಿ ಆದಾಯ ತೆರಿಗೆ ರಿಟರ್ನ್ ಸಿದ್ಧಪಡಿಸುವುದು ನನ್ನ ಕೆಲಸ. ಎಸ್‌.ಐ.ಟಿ. ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ವಿದ್ಯಾರ್ಥಿಗಳಿಗೋ ವಸಂತನರಸಾಪುರದ ಕಾರ್ಖಾನೆ ನೌಕರರಿಗೋ ಮನೆ ಬಾಡಿಗೆಗೆ ಕೊಟ್ಟವರು ಜುಲೈ ತಿಂಗಳಲ್ಲಿ ಬಿಲ್ಲಿನ ಕಟ್ಟು ಹಿಡಿದು ಬರುತ್ತಾರೆ. ಈಚೆಗೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. "ಎರಡೂವರೆ ಲಕ್ಷ ಸುರಿದಿದ್ದೇನಮ್ಮಾ, ಇದಿಷ್ಟನ್ನೂ ಬಾಡಿಗೆಯಲ್ಲಿ ಕಳೆದುಬಿಡು" ಎಂದರು.

"ಹಾಗೆ ಕಳೆಯಲು ಬರುವುದಿಲ್ಲ ಸಾರ್" ಎಂದು ಹೇಳುವುದು ಪ್ರತಿ ಸಲವೂ ಕಷ್ಟವೇ. ಅವರ ಬಾಡಿಗೆ ತಿಂಗಳಿಗೆ 15,000, ವರ್ಷಕ್ಕೆ 1,80,000 ರೂಪಾಯಿ. ಮಹಾನಗರ ಪಾಲಿಕೆಗೆ ಕಟ್ಟಿದ ಮನೆ ಕಂದಾಯ 6,000 ಕಳೆದರೆ 1,74,000. ಇದರಲ್ಲಿ ಶೇ. 30, ಅಂದರೆ 52,200 ರೂಪಾಯಿಯನ್ನು ಕಾಯ್ದೆಯೇ ಬಿಟ್ಟುಕೊಡುತ್ತದೆ. ಸುಣ್ಣಬಣ್ಣ, ಸೋರುವ ತಾರಸಿ, ಕೆಟ್ಟ ಮೋಟರ್ ಎಲ್ಲವೂ ಅದರೊಳಗೇ ಸೇರಿದವು. ಲಕ್ಷಗಟ್ಟಲೆ ಖರ್ಚು ಮಾಡಿದರೂ ಅಷ್ಟೇ, ಒಂದು ನಲ್ಲಿಯನ್ನೂ ಬದಲಿಸದಿದ್ದರೂ ಅಷ್ಟೇ. ಖರ್ಚು ಮಾಡದವರು ಈ ಶೇ. 30ನ್ನು ಕೇಳಲು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ, ಇದಕ್ಕೆ ಬಿಲ್ಲನ್ನೇ ಕೇಳುವುದಿಲ್ಲ. ಕಂದಾಯ ಮಾತ್ರ ಆ ವರ್ಷದಲ್ಲಿ ಮಾಲೀಕರೇ ಕಟ್ಟಿರಬೇಕು. ಬಾಕಿ ಉಳಿಸಿಕೊಂಡಿದ್ದರೆ ಕಳೆಯುವಂತಿಲ್ಲ.

ರಿಪೇರಿಗೆ ಸಾಲ ಮಾಡಿದ್ದರೆ ಲೆಕ್ಕ ಬೇರೆ. ಬಾಡಿಗೆಗೆ ಕೊಟ್ಟ ಮನೆಯ ರಿಪೇರಿಗೋ ನವೀಕರಣಕ್ಕೋ ತಂದ ಸಾಲದ ಬಡ್ಡಿಯನ್ನು ಶೇ. 30ರ ಮೇಲೆ ಪ್ರತ್ಯೇಕವಾಗಿ ಕಳೆಯಬಹುದು. ಅದು ಗೃಹಸಾಲವೇ ಆಗಿರಬೇಕೆಂದಿಲ್ಲ. ಒಡವೆ ಅಡವಿಟ್ಟು ತಂದ ಹಣವಾದರೂ ಸರಿ, ಅದು ಮನೆಗೇ ಹೋಯಿತೆಂದು ತೋರಿಸಲು ದಾಖಲೆ ಬೇಕು. ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳ, ಪಿಂಚಣಿಯಂಥ ಬೇರೆ ಆದಾಯದಿಂದ ಕಳೆಯಬಹುದು; ಹೊಸ ಪದ್ಧತಿಯಲ್ಲಿ ಅದಕ್ಕೆ ಅವಕಾಶವಿಲ್ಲ.

ಇಷ್ಟು ಹೇಳಿ ಮೇಷ್ಟ್ರ ಬಿಲ್ಲುಗಳನ್ನು ಮೇಜಿನ ಮೇಲೆ ಎರಡು ಪಾಲು ಮಾಡಿದೆ. ಬಣ್ಣ, ನಲ್ಲಿ, ಪ್ಲಂಬರ್ ಕೂಲಿ ಎಡಕ್ಕೆ. ತಾರಸಿಯ ಮೇಲೆ ಹೊಸದಾಗಿ ಎತ್ತಿದ ಕೋಣೆಯ ಇಟ್ಟಿಗೆ, ಕಬ್ಬಿಣ, ಸಿಮೆಂಟು ಬಲಕ್ಕೆ. ಬಲಗಡೆಯದು ಮನೆಗೆ ಶಾಶ್ವತವಾಗಿ ಸೇರಿದ ಬಂಡವಾಳ. ಈ ವರ್ಷ ಅದರಿಂದ ಒಂದು ಪೈಸೆಯ ತೆರಿಗೆಯೂ ಉಳಿಯುವುದಿಲ್ಲ, ನಿಜ. ಆದರೆ ಮನೆ ಮಾರಿದಾಗ ಬಂಡವಾಳ ಲಾಭದ ಲೆಕ್ಕದಲ್ಲಿ ಕೊಂಡ ಬೆಲೆಯ ಜೊತೆಗೆ ಸುಧಾರಣೆಯ ವೆಚ್ಚವಾಗಿ ಅದನ್ನೂ ಕಳೆಯಬಹುದು. 2001ರ ಏಪ್ರಿಲ್ 1ಕ್ಕಿಂತ ಹಿಂದೆ ಮಾಡಿಸಿದ ಕೆಲಸ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

2024ರ ಜುಲೈ 23ರ ನಂತರ ಈ ಬಿಲ್ಲುಗಳ ಬೆಲೆ ಇನ್ನೂ ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ. ಅಂದಿನಿಂದ ಕೊಂಡ ಮನೆಗೆ ಹಣದುಬ್ಬರದ ಸೂಚ್ಯಂಕದ ನೆರವಿಲ್ಲ, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಹಳೆಯ ಖರ್ಚನ್ನು ಹಿಗ್ಗಿಸಿ ಕಳೆಯುವಂತಿಲ್ಲ. ದೀರ್ಘಾವಧಿ ಲಾಭದ ಮೇಲೆ ನೇರವಾಗಿ ಶೇ. 12.5 ತೆರಿಗೆ. ಅದಕ್ಕೂ ಮೊದಲು ಕೊಂಡ ಮನೆಯಾದರೆ, ಭಾರತದ ನಿವಾಸಿಗಳಿಗೆ ಸೂಚ್ಯಂಕ ಸಹಿತ ಶೇ. 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟುವ ಅವಕಾಶವಿದೆ. ಎರಡರಲ್ಲೂ ಖರ್ಚನ್ನು ರುಜುವಾತುಪಡಿಸದೆ ಕಳೆಯಲಾಗದು.

ಕಷ್ಟ ಇರುವುದು ಇಲ್ಲಿಯೇ. ಮೇಸ್ತ್ರಿಗೆ ಕೊಟ್ಟದ್ದು ನಗದು, ಲೆಕ್ಕ ಇರುವುದು ಕ್ಯಾಲೆಂಡರಿನ ಹಿಂಬದಿಯಲ್ಲಿ. ಅಂಗಡಿಯ ಯಂತ್ರ ಮುದ್ರಿಸಿಕೊಡುವ ನುಣುಪು ಕಾಗದದ ಬಿಲ್ಲು ಒಂದೆರಡು ಬೇಸಿಗೆಯಲ್ಲೇ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಅಂದೇ ಜೆರಾಕ್ಸ್ ಮಾಡಿಸಿ, ಕೂಲಿಯನ್ನು ಚೆಕ್ಕಿನಲ್ಲೋ ಯು.ಪಿ.ಐ. ಮೂಲಕವೋ ಕೊಟ್ಟು, ಮೇಸ್ತ್ರಿಯಿಂದ ಸಹಿ ಮಾಡಿಸಿಕೊಂಡ ಚೀಟಿಯನ್ನು ಕ್ರಯಪತ್ರದ ಜೊತೆಯಲ್ಲೇ ಇಡಿ ಎಂದು ಬಂದವರಿಗೆಲ್ಲ ಕೈಮುಗಿದು ಹೇಳುತ್ತೇನೆ. ಮನೆ ಮಾರುವುದು ಮಕ್ಕಳ ಕಾಲಕ್ಕಾದರೂ ಈ ಕಾಗದ ಅವರ ಕೈಗೆ ಸಿಗಬೇಕು.

ಇನ್ನೊಂದು ಪದ್ಧತಿ ನಮ್ಮಲ್ಲಿ ಬಹಳ ಇದೆ. ಬಾಡಿಗೆಯವರೇ ಬಣ್ಣ ಹೊಡೆಸಿಕೊಂಡು ಎರಡು ತಿಂಗಳ ಬಾಡಿಗೆಗೆ ವಜಾ ಹಾಕಿಕೊಳ್ಳುತ್ತಾರೆ, ಮಾಲೀಕರು ಹತ್ತು ತಿಂಗಳ ಬಾಡಿಗೆಯನ್ನಷ್ಟೇ ತೋರಿಸಲು ಹೇಳುತ್ತಾರೆ. ಹಣ ಕೈಗೆ ಬರದಿದ್ದರೂ ಅದು ಬಾಡಿಗೆಯೇ. ಹನ್ನೆರಡು ತಿಂಗಳದ್ದನ್ನೂ ತೋರಿಸಬೇಕು. ನೌಕರಿಯಲ್ಲಿರುವ ಬಾಡಿಗೆದಾರರು ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಬಾಡಿಗೆ ಕೊಟ್ಟು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವಾಗ ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಬರೆದುಕೊಡುತ್ತಾರೆ. ಅವರು ಬರೆಯುವುದು ಹನ್ನೆರಡು ತಿಂಗಳ ಬಾಡಿಗೆಯನ್ನೇ.