ಮೂರನೇ ಹಾಡು

ನಮ್ಮ ಕಾರಿನಲ್ಲಿ ಆಯಿ ಹಾಡುತ್ತಾಳೆ. ಆಯಿ ಎಂದರೆ ನನ್ನ ಅವ್ವನ ಅವ್ವ. ತೀರಿಕೊಂಡು ಬಹಳ ವರ್ಷಗಳಾದವು. 1990ರ ದಶಕದ ಕೊನೆಯಲ್ಲಿ ಮಾಮಾ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಆಕೆಯನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿ ಹನ್ನೆರಡು ಪದ ಹಾಡಿಸಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಗಿತ್ತು. ಆದರೂ ಕಲ್ಲು ತಿರುಗದೆ ನನಗೆ ಪದ ಬಾರವು ಎಂದು ಆಯಿ ಹಟ ಹಿಡಿದಳಂತೆ. ಹೀಗಾಗಿ ಆ ಧ್ವನಿಯ ಹಿಂದೆ ಉದ್ದಕ್ಕೂ ಕಲ್ಲಿನ ಗರಗರ ಇದೆ. ಕಲಬುರಗಿಯ ಒಂದು ಅಂಗಡಿಯಲ್ಲಿ ಅದನ್ನು ಸಿ.ಡಿ.ಗೆ ಹಾಕಿಸಿದೆವು. ಕ್ಯಾಸೆಟ್ ಆಮೇಲೆ ಯಾವುದೋ ಮನೆ ಬದಲಾವಣೆಯಲ್ಲಿ ಕಳೆದೇಹೋಯಿತು. ಉಳಿದದ್ದು ಆ ಒಂದು ಸಿ.ಡಿ.

ಮೂರನೇ ಹಾಡಿನ ನಡುವೆ ಅದು ತಡವರಿಸತೊಡಗಿ ಎರಡು ವರ್ಷ ದಾಟಿತ್ತು. ಆಯಿ ಒಂದು ಸಾಲು ಎತ್ತಿಕೊಳ್ಳುವಳು, ಟಕ್ ಟಕ್ ಎಂದು ಸದ್ದಾಗುವುದು, ಮುಂದಿನ ಸಾಲಿನ ಅರ್ಧಕ್ಕೆ ಹಾರುವುದು. ಆ ಖಾಲಿ ಜಾಗದಲ್ಲಿ ಅವ್ವ ತಾನೇ ಹಾಡಿ ತುಂಬುವುದು ರೂಢಿಯಾಗಿಬಿಟ್ಟಿತ್ತು. ಕಿಟಕಿಯ ಹೊರಗೆ ನೋಡುತ್ತಲೇ, ಸದ್ದು ಬರುವ ಒಂದು ಕ್ಷಣ ಮೊದಲೇ ಬಾಯಿ ತೆರೆಯುತ್ತಿದ್ದಳು. ನಾನೂ ಅದಕ್ಕೆ ಒಗ್ಗಿಹೋಗಿದ್ದೆ.

ಈ ವರ್ಷ ಯುಗಾದಿಯ ನಂತರ ಮಾತ್ರ ಪರಿಸ್ಥಿತಿ ಕೆಟ್ಟಿತು. ಮೂರನೆಯದಷ್ಟೇ ಅಲ್ಲ, ಐದು, ಏಳು, ಹನ್ನೊಂದು, ಎಲ್ಲ ಹಾಡುಗಳೂ ಹಾರತೊಡಗಿದವು. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು ಕೊರೆದ ಗುಂಡಿಗಳ ಮೇಲಂತೂ ಆಯಿಯ ಒಂದು ಸಾಲೂ ಪೂರ್ತಿ ಸಿಗುತ್ತಿರಲಿಲ್ಲ. ಪ್ಲೇಯರ್ ಕಿತ್ತೆಸೆದು ಹೊಸದು ಹಾಕಿಸಿ, ಈಗ ಯಾರು ಸಿ.ಡಿ. ಕೇಳುತ್ತಾರೆ ಎಂದು ತಮ್ಮ ಅಂದ. ಹೊಸದರಲ್ಲಿ ಸಿ.ಡಿ. ಹಾಕುವ ಬಾಯಿಯೇ ಇರುವುದಿಲ್ಲ. ನನಗೆ ಮನಸ್ಸು ಒಪ್ಪಲಿಲ್ಲ.

ಒಂದು ರವಿವಾರ ಬೆಳಗ್ಗೆ ಆರಕ್ಕೇ ಎದ್ದು, ಮನೆ ಮುಂದಿನ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ಕೂತೆ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಹತ್ತರ ಮೇಲೆ ಕಾರಿನೊಳಗೆ ಕೈ ಇಡಲಾಗುವುದಿಲ್ಲ. ಮೊದಲು ರೋಗ ಯಾವುದು ಎಂದು ತಿಳಿಯಬೇಕಿತ್ತು. ಎಂಜಿನ್ ನಿಲ್ಲಿಸಿ, ಅಂಗಡಿಯಲ್ಲಿ ಕೊಂಡಿದ್ದ ಒಂದು ವಚನ ಗಾಯನದ ಸಿ.ಡಿ. ಹಾಕಿದೆ. ಇಪ್ಪತ್ತು ನಿಮಿಷ ಒಂದು ಸಲವೂ ತಡೆಯಲಿಲ್ಲ. ಆಯಿಯ ಸಿ.ಡಿ. ಹಾಕಿದೆ, ನಿಂತ ಕಾರಿನಲ್ಲೇ ನಾಲ್ಕು ಕಡೆ ಹಾರಿತು. ಆಮೇಲೆ ರಿಂಗ್ ರಸ್ತೆಯವರೆಗೆ ಓಡಿಸಿಕೊಂಡು ಹೋದೆ. ಉಬ್ಬುಗಳ ಮೇಲೆ ವಚನವೂ ಹಾರಿತು. ಅಂದರೆ ಒಂದಲ್ಲ, ಕನಿಷ್ಠ ಎರಡು ದೋಷ. ಕುಲುಕಿದಾಗ ಎಲ್ಲ ಸಿ.ಡಿ.ಗಳೂ ಹಾರಿದರೆ ಪ್ಲೇಯರ್ ಭದ್ರವಾಗಿ ಕೂತಿಲ್ಲ. ನಿಂತಲ್ಲೇ ಒಂದೇ ಸಿ.ಡಿ. ಹಾರಿದರೆ ದೋಷ ಸಿ.ಡಿ.ಯಲ್ಲಿದೆ, ಇಲ್ಲವೇ ಅದನ್ನು ಓದುವ ಕಣ್ಣಿನಲ್ಲಿದೆ. ಈ ಅರ್ಧ ಗಂಟೆಯ ಪರೀಕ್ಷೆ ಮಾಡದೆ ಸ್ಕ್ರೂ ಬಿಚ್ಚಲು ಹೊರಟಿದ್ದರೆ ನಾನು ಯಾವುದನ್ನು ಸರಿಪಡಿಸುತ್ತಿದ್ದೇನೆ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಕೆಲವು ಪ್ಲೇಯರುಗಳು ವಿದ್ಯುತ್ ಕಡಿದರೆ ಗುಪ್ತ ಸಂಖ್ಯೆ ಕೇಳುತ್ತವೆ. ನಮ್ಮದರ ಸಂಖ್ಯೆಯನ್ನು ಅಪ್ಪ ಕಾರಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದರು. ಮುಂಭಾಗದ ಚೌಕಟ್ಟು ತೆಗೆದು, ಎರಡು ಬದಿಯ ತೂತುಗಳಲ್ಲಿ ಯು ಆಕಾರದ ಕಂಬಿ ತೂರಿಸಿದಾಗ ಪ್ಲೇಯರ್ ಜಾರಿ ಕೈಗೆ ಬಂತು. ಅದರ ಬೆನ್ನಿನಲ್ಲಿ ಒಂದು ಬೋಲ್ಟು, ಬೋಲ್ಟಿನ ಮೇಲೆ ಒಂದು ರಬ್ಬರಿನ ಟೋಪಿ ಇರುತ್ತದೆ. ಅದು ಒಳಗಿನ ತೂತಿನಲ್ಲಿ ಬಿಗಿಯಾಗಿ ಕೂತರೆ ಪ್ಲೇಯರಿನ ಹಿಂಭಾಗ ಅಲುಗಾಡುವುದಿಲ್ಲ. ನಮ್ಮ ರಬ್ಬರು ಬಿಸಿಲಿಗೆ ಒಣಗಿ, ಮುಟ್ಟಿದರೆ ಹುಡಿಯಾಗುವಷ್ಟು ಗಟ್ಟಿಯಾಗಿ, ಎರಡು ಹೋಳಾಗಿತ್ತು. ಪ್ಲೇಯರ್ ಮುಂಭಾಗದ ಹಿಡಿತದಲ್ಲಷ್ಟೇ ತೂಗುತ್ತಿತ್ತು. ತಮ್ಮನ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಬೋಲ್ಟಿಗೆ ಮೂರು ಸುತ್ತು ಸುತ್ತಿದೆ. ತೂಗಾಟ ನಿಲ್ಲಿಸಲು ಅಷ್ಟೇ ಸಾಕಾಯಿತು.

ಒಳಗಿನ ಮಸೂರ ಒರೆಸುವ ಕೆಲಸ ಮಾತ್ರ ನನ್ನ ಕೈಗೆ ಮೀರಿದ್ದು ಅನಿಸಿತು. ಸಣ್ಣ ಕುಂಚ ಅಂಟಿಸಿದ ಶುಚಿಗೊಳಿಸುವ ಸಿ.ಡಿ. ಮನೆಯಲ್ಲಿತ್ತು, ಅದನ್ನು ಹಾಕುವ ಮುಂಚೆ ಒಂದು ಮಾತು ಕೇಳೋಣವೆಂದು ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯ ಚಾಚಾ ಅವರ ಅಂಗಡಿಗೆ ಪ್ಲೇಯರನ್ನೇ ಎತ್ತಿಕೊಂಡು ಹೋದೆ. ಅಪ್ಪನ ರೇಡಿಯೊ, ನಮ್ಮ ಟೇಪ್, ಆಮೇಲೆ ಟಿ.ವಿ., ಎಲ್ಲವೂ ಅವರ ಕೈಯಲ್ಲೇ ಹಾದು ಬಂದವು. ಈಗ ಅಲ್ಲಿಗೆ ಬರುವುದು ಹೆಚ್ಚಾಗಿ ಮಿಕ್ಸರ್ ಮತ್ತು ಚಾರ್ಜರ್.

“ಕುಂಚದ್ದು ಹಾಕಬೇಡ ಬೇಟಿ. ತಿರುಗುವ ವೇಗದಲ್ಲಿ ಆ ಕೂದಲು ಮಸೂರಕ್ಕೆ ಬಡಿಯುತ್ತದೆ. ಧೂಳು ಹೋದರೂ ಹೋಯಿತು, ಮಸೂರ ಜರುಗಿದರೂ ಜರುಗಿತು” ಅಂದರು. ಮೇಲಿನ ತಗಡಿನ ಸ್ಕ್ರೂ ತೆಗೆದು, ದೀಪದ ಕೆಳಗೆ ವಾಲಿಸಿ ನನ್ನನ್ನು ಹತ್ತಿರ ಕರೆದರು. ಮಸೂರ ಒಂದು ತೊಗರಿ ಕಾಳಿನಷ್ಟಿತ್ತು. ಒಳಗೆ ನೀಲಿ ಛಾಯೆಯಿಂದ ಹೊಳೆಯಬೇಕಾದ ಅದರ ಮೇಲೆ ಬೂದಿ ಬಣ್ಣದ ತೆಳು ಪೊರೆ. ನನಗೆ ಕೂಡಲೇ ಹೊಳೆಯಿತು. ಸಂಕ್ರಾಂತಿಯ ಆಸುಪಾಸು ರಾಶಿ ಮುಗಿದ ಮೇಲೆ ಹೊಲದಿಂದ ತೊಗರಿ ಚೀಲಗಳನ್ನು ಇದೇ ಕಾರಿನ ಹಿಂದಿನ ಸೀಟಿನಲ್ಲಿ ನಾಲ್ಕು ಸಲ ತಂದಿದ್ದೆವು. ಆ ಹೊಟ್ಟಿನ ಧೂಳು ಮೂಗಿಗೆ ಹೋದರೇ ಎರಡು ದಿನ ಸೀನು ನಿಲ್ಲುವುದಿಲ್ಲ. ಸಿ.ಡಿ. ಹಾಕುವ ಸಂದಿಗೆ ಬಾಗಿಲು ಎಲ್ಲಿದೆ?

ಪ್ಲೇಯರಿಗೆ ವಿದ್ಯುತ್ ಇಲ್ಲವೆಂದು ಚಾಚಾ ಎರಡು ಸಲ ನೋಡಿಕೊಂಡರು. ಅದರ ಲೇಸರ್ 780 ನ್ಯಾನೋಮೀಟರ್ ತರಂಗದ್ದು; ಹೆಚ್ಚು ಕಡಿಮೆ ಕಣ್ಣಿಗೆ ಕಾಣುವುದೇ ಇಲ್ಲ, ಕಾಣದಿದ್ದರೂ ಕಣ್ಣಿಗೆ ಕೆಡುಕು. ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಮುಟ್ಟಿಸಿ, ಮಸೂರದ ಮೇಲೆ ಒತ್ತದೆ, ತೂಕವೇ ಇಲ್ಲದಂತೆ ಸುತ್ತಿಸಿದರು. ಮಸೂರ ಕೂದಲೆಳೆಯಂಥ ತಂತಿಗಳ ಮೇಲೆ ತೇಲುತ್ತದೆ. ಕಡ್ಡಿ ತಾಗಿದಾಗ ಅದು ಬೆಳೆಯ ತುದಿಯ ತೆನೆಯಂತೆ ತೊನೆದದ್ದನ್ನು ನೋಡಿದೆ. ಮನೆಯಲ್ಲಿ ಕೈ ತೊಳೆಯುವ ಸ್ಯಾನಿಟೈಸರ್ ಇತ್ತು, ಅದರಲ್ಲೂ ಆಲ್ಕೊಹಾಲ್ ತಾನೇ ಇರುವುದು ಎಂದು ಕೇಳಿದೆ. ಅದರಲ್ಲಿ ಚರ್ಮ ಒಣಗದಿರಲೆಂದು ಗ್ಲಿಸರಿನ್ ಬೆರೆಸಿರುತ್ತಾರೆ, ಅದು ಮಸೂರದ ಮೇಲೆ ಪೊರೆ ಬಿಟ್ಟು ಹೋಗುತ್ತದೆ ಎಂದರು. ಮಸೂರ ಓಡಾಡುವ ಕಂಬಿಯ ಮೇಲಿನ ಗ್ರೀಸ್ ಒಣಗಿ ಧೂಳಿನೊಂದಿಗೆ ಅಂಟಾಗಿತ್ತು. ಅದನ್ನೂ ಒರೆಸಿ, ಕಡ್ಡಿಯ ತುದಿಯಷ್ಟು ಬಿಳಿ ಗ್ರೀಸ್ ಹಚ್ಚಿದರು.

ಅಂಗಡಿಯಲ್ಲೇ ತಂತಿ ಕೊಟ್ಟು ಆಯಿಯ ಸಿ.ಡಿ. ಹಾಕಿದೆವು. ಐದು, ಏಳು, ಹನ್ನೊಂದು, ಎಲ್ಲ ನಿರಾತಂಕ. ನಾವು ಬರೆಸಿದ ಸಿ.ಡಿ. ಅಚ್ಚೊತ್ತಿ ಮಾರುವ ಸಿ.ಡಿ.ಗಿಂತ ಸ್ವಲ್ಪ ಕಡಿಮೆ ಬೆಳಕು ಹಿಂದಿರುಗಿಸುತ್ತದೆ. ಮಸೂರ ಮಸುಕಾದಾಗ ಮೊದಲು ಸೋಲುವುದು ಅದೇ. ವಚನ ಚೆನ್ನಾಗಿದ್ದು ಆಯಿ ಮಾತ್ರ ತಡೆದದ್ದು ಅದಕ್ಕೆ.

ಮೂರನೇ ಹಾಡು ಮಾತ್ರ ಅದೇ ಜಾಗದಲ್ಲಿ ಟಕ್ ಎಂದಿತು.

ಈಗ ಸಿ.ಡಿ.ಯ ಸರದಿ. ಹಾಡು ಬರೆದಿರುವುದು ಒಂದೇ ಸುರುಳಿಯಲ್ಲಿ, ಒಳಗಿನಿಂದ ಹೊರಕ್ಕೆ. ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಉದ್ದವಾಗುವ ಸುರುಳಿ. ಮೂರನೇ ಹಾಡೆಂದರೆ ನಡುವಿನ ತೂತಿಗೆ ಹತ್ತಿರವೇ ಹುಡುಕಬೇಕು. ಚಾಚಾ ದೀಪಕ್ಕೆ ಹಿಡಿದು ತಿರುಗಿಸುತ್ತಾ ಹೋದರು. ಸಿಕ್ಕಿತು. ಸುರುಳಿಯ ಗುಂಟವೇ ಬಾಗಿದ, ಬೆರಳಿನ ಅಗಲದಷ್ಟು ಉದ್ದದ ಗೀರು. ಎಂದೋ ಯಾರೋ ಸೀರೆಯ ಸೆರಗಿನಿಂದಲೋ ಕರವಸ್ತ್ರದಿಂದಲೋ ದುಂಡಗೆ ಒರೆಸಿದಾಗ ಮರಳಿನ ಕಣ ಎಳೆದದ್ದು. ಅದು ನಾನೇ ಇರಬಹುದು. ತಟ್ಟೆ ಒರೆಸುವಂತೆ ದುಂಡಗೆ ಒರೆಸುವುದು ಎಲ್ಲರ ಕೈಯ ಅಭ್ಯಾಸ. ಆದರೆ ಸುರುಳಿಯ ಮೇಲೆ ಸುಮಾರು 2.5 ಮಿಲಿಮೀಟರ್‌ನಷ್ಟು ಮಾಹಿತಿ ಹಾಳಾದರೂ ಉಳಿದದ್ದರಿಂದ ಲೆಕ್ಕ ಹಾಕಿ ತುಂಬಿಕೊಳ್ಳುವ ವ್ಯವಸ್ಥೆ ಸಿ.ಡಿ.ಯಲ್ಲಿದೆ. ಅಡ್ಡ ಗೀರು ಒಂದೊಂದು ಸುತ್ತಿನಲ್ಲಿ ಕೂದಲೆಳೆಯಷ್ಟೇ ಕೆಡಿಸುತ್ತದೆ. ಪ್ಲೇಯರ್ ದಾಟಿಕೊಂಡು ಹೋಗುತ್ತದೆ. ಸುರುಳಿಯ ಗುಂಟ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೆ ನುಂಗಿಬಿಡುತ್ತದೆ. ಅದಕ್ಕೇ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು.

ಅವರು ಪೇಸ್ಟ್ ಹುಡುಕುತ್ತಿದ್ದಾಗ ನಾನು ಸಿ.ಡಿ.ಯನ್ನು ತಿರುವಿ ನೋಡಿದೆ. ಬರೆದುಕೊಟ್ಟ ಅಂಗಡಿಯವರು ಮೇಲೆ ಒಂದು ಬಣ್ಣದ ಕಾಗದ ಅಂಟಿಸಿದ್ದರು. ಬಿಸಿಲಿಗೆ ಅದರ ಒಂದು ಮೂಲೆ ಎದ್ದಿತ್ತು. ಅದು ಒಳಗೆ ಸಿಕ್ಕಿಕೊಂಡೀತು ಎಂದು ಉಗುರು ಹಾಕಿ ಎಳೆಯಲು ಹೋದೆ. ಚಾಚಾ ನನ್ನ ಮಣಿಕಟ್ಟನ್ನೇ ಹಿಡಿದರು.

“ಬೇಡ ಬೇಟಿ! ಹಾಡಿರುವುದು ಆ ಕಡೆಗೆ. ಕಾಗದ ಎಳೆದರೆ ಹಾಡೂ ಅದರ ಜೊತೆ ಎದ್ದು ಬರುತ್ತದೆ.”

ಹೊಳೆಯುವ ಕಡೆಯೇ ನಾಜೂಕು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಸಿ.ಡಿ.ಯ ದಪ್ಪ 1.2 ಮಿಲಿಮೀಟರ್. ಆ ದಪ್ಪವೆಲ್ಲ ಹೊಳೆಯುವ ಕಡೆಯ ಪಾರದರ್ಶಕ ಪ್ಲಾಸ್ಟಿಕ್ಕು. ಬೆಳಕು ಅದರ ಮೂಲಕ ಹಾದು, ಆಚೆ ಬದಿಗೆ ಹೆಸರು ಬರೆಯುವ ಮೇಲ್ಮೈಯ ಕೆಳಗೇ ಇರುವ ತೆಳು ಲೋಹದ ಪದರವನ್ನು ಮುಟ್ಟಿ ಬರುತ್ತದೆ. ಕೆಳಗಿನ ಗೀರನ್ನು ನುಣುಪು ಮಾಡಬಹುದು. ಮೇಲಿನ ಪದರ ಎದ್ದರೆ ಪ್ರಪಂಚದ ಯಾವ ಕೈಯೂ ಅದನ್ನು ಮರಳಿ ಕೂರಿಸಲಾರದು. ಕ್ಯಾಸೆಟ್ ಇಲ್ಲ, ಮಾಮಾ ಇಲ್ಲ, ಆಯಿ ಇಲ್ಲ. ನನ್ನ ಉಗುರಿನ ಅಂಚಿನಲ್ಲಿ ಆ ಹನ್ನೆರಡೂ ಪದಗಳಿದ್ದವು. ನನ್ನ ಕೈ ಸಣ್ಣಗೆ ನಡುಗಿತು. ಚಾಚಾ ಅದನ್ನು ನೋಡಿ ಏನೂ ಅನ್ನದೆ ಒಂದು ಲೋಟ ನೀರು ಮುಂದಿಟ್ಟರು.

ಉಗುರುಬೆಚ್ಚನೆಯ ನೀರಿಗೆ ಒಂದು ಹನಿ ಸೋಪು ಹಾಕಿ, ಕಾಗದದ ಕಡೆ ನೀರು ಮುಟ್ಟದಂತೆ ಹೊಳೆಯುವ ಮೈಯನ್ನಷ್ಟೇ ತೊಳೆದರು. ಆಮೇಲೆ ಬಿಳಿ ಪೇಸ್ಟನ್ನು ಒದ್ದೆ ಹತ್ತಿಗೆ ಹಚ್ಚಿ, ಒಳಗಿನಿಂದ ಹೊರಕ್ಕೆ, ಒಳಗಿನಿಂದ ಹೊರಕ್ಕೆ, ಅರ್ಧ ಗಂಟೆ ತಿಕ್ಕಿದರು. ನಡುವೆ ಬಂದ ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿದರು. ಗೀರು ಅಳಿಯಲಿಲ್ಲ; ಅದರ ಚೂಪು ಅಂಚು ಮಾತ್ರ ಮೆತ್ತಗಾಯಿತು. ಪ್ಲೇಯರಿನಲ್ಲಿ ಇನ್ನೂ ಒಮ್ಮೆ ತಡೆಯಿತು.

“ಕಾರಿನದಕ್ಕೆ ಒಂದೇ ಸಲ ಓದಲು ಸಮಯ. ಹಾಡು ಮುಂದೆ ಓಡಬೇಕಲ್ಲ. ಕಂಪ್ಯೂಟರಿಗೆ ಅವಸರವಿಲ್ಲ, ಸಿಗುವವರೆಗೂ ಮತ್ತೆ ಮತ್ತೆ ಓದುತ್ತದೆ. ಅದರಲ್ಲಿ ತೆಗೆದುಕೋ” ಅಂದರು. ನೂರು ರೂಪಾಯಿಗಿಂತ ಒಂದು ಪೈಸೆ ಹೆಚ್ಚು ಮುಟ್ಟಲಿಲ್ಲ.

ರಾತ್ರಿ ತಮ್ಮನ ಹಳೆಯ ಕಂಪ್ಯೂಟರಿನಲ್ಲಿ ಹಾಕಿದೆ. ಎರಡು ಹಾಡು ಎರಡೆರಡು ನಿಮಿಷದಲ್ಲಿ ಬಂದವು. ಮೂರನೆಯದರಲ್ಲಿ ಡ್ರೈವ್ ನಿಧಾನವಾಯಿತು, ಗುಂಯ್ ಎಂದು ನಿಂತಿತು, ಮತ್ತೆ ತಿರುಗಿತು. ನಲವತ್ತು ನಿಮಿಷ. ಊಟಕ್ಕೂ ಏಳದೆ ಆ ಶೇಕಡಾ ಅಂಕಿಯನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ ಬಂತು. ಅದನ್ನು ಮೊಬೈಲಿನಲ್ಲಿ, ಪೆನ್ ಡ್ರೈವಿನಲ್ಲಿ, ತಮ್ಮನ ಬಳಿ, ಮೂರು ಕಡೆ ಇಟ್ಟೆ. ಕಾರಿಗೆಂದು ಕಡಿಮೆ ವೇಗದಲ್ಲಿ ಒಂದು ಹೊಸ ಸಿ.ಡಿ. ಬರೆದೆ. ಅದಕ್ಕೆ ಕಾಗದ ಅಂಟಿಸಲಿಲ್ಲ. ನಡುವಿನ ಪಾರದರ್ಶಕ ಉಂಗುರದ ಮೇಲೆ ಪೆನ್ನಿನಿಂದ ‘ಆಯಿ’ ಎಂದು ಬರೆದೆ. ಹಳೆಯದು ಈಗ ಅವ್ವನ ಟ್ರಂಕಿನಲ್ಲಿದೆ. ಇಷ್ಟು ದಿನ ಅದನ್ನು ಬಿಸಿಲಿನ ಪಟ್ಟಿಯ ಜೇಬಿನಲ್ಲಿ, ಗಾಜಿನ ಹಿಂದೆಯೇ ಸಿಕ್ಕಿಸಿಡುತ್ತಿದ್ದೆ. ಬರೆದ ಸಿ.ಡಿ.ಯ ಬಣ್ಣದ ಪದರವನ್ನು ಬಿಸಿಲು ತಿನ್ನುತ್ತದೆ ಎಂದು ತಿಳಿದ ಮೇಲೆ ಇನ್ನು ಯಾವ ಸಿ.ಡಿ.ಯನ್ನೂ ಅಲ್ಲಿ ಇಡುವುದಿಲ್ಲ.

ಮುಂದಿನ ರವಿವಾರ ಅವ್ವನನ್ನು ಕರೆದುಕೊಂಡು ಸೇಡಂನ ದೊಡ್ಡವ್ವನ ಮನೆಗೆ ಹೊರಟೆ. ಸರಿಪಡಿಸಿದ್ದನ್ನು ಅವ್ವನಿಗೆ ಹೇಳಿರಲಿಲ್ಲ. ಮಳಖೇಡ ಹತ್ತಿರವಾಗಿ ಕಾಗಿಣಾ ಸೇತುವೆ ಕಾಣುವ ಹೊತ್ತಿಗೆ ಮೂರನೇ ಹಾಡು ಆ ಜಾಗಕ್ಕೆ ಬಂತು. ಅವ್ವ ಎಂದಿನಂತೆ ಬಾಯಿ ತೆರೆದಳು. ಆಯಿಯೂ ಹಾಡಿದಳು. ಇಬ್ಬರ ಧ್ವನಿ ಒಟ್ಟಿಗೆ ಎದ್ದು, ಒಂದು ಶಬ್ದದಲ್ಲಿ ಬೇರೆಯಾದವು. ಅವ್ವ ‘ಬಾಗಿಲ ಬೇವು’ ಅಂದಳು. ಆಯಿ ‘ಬಾವಿಯ ಬೇವು’ ಅಂದಿದ್ದಳು.

ಅವ್ವ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು. “ಯವ್ವಾ, ಇನ್ನೊಮ್ಮೆ ಹಾಕು.”

ಹಾಕಿದೆ. ಮತ್ತೊಮ್ಮೆ ಹಾಕಿದೆ. ಸೇತುವೆ ದಾಟಿ ಬೇವಿನ ನೆರಳಿನಲ್ಲಿ ಕಾರು ನಿಲ್ಲಿಸಿ ಮೂರನೇ ಸಲವೂ ಹಾಕಿದೆ. ಆಗ ಅವ್ವ ಮೆಲ್ಲಗೆ, ಆಯಿಯ ಜೊತೆಗೇ, ಬಾವಿಯ ಬೇವು ಎಂದು ಹೇಳಿಕೊಂಡಳು. ಸೇಡಂ ಮುಟ್ಟುವವರೆಗೆ ಬೇರೆ ಮಾತಾಡಲಿಲ್ಲ.

ದೊಡ್ಡವ್ವ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಡುತ್ತಿದ್ದಂತೆಯೇ ಅವ್ವ ತಂಬಿಗೆ ಕೈಯಲ್ಲಿ ಹಿಡಿದು ಕೇಳಿದಳು: “ಅಕ್ಕಾ, ಅವ್ವನ ತವರಿನಲ್ಲಿ ಬಾವಿಯ ಹತ್ತಿರ ಬೇವಿನ ಮರವಿತ್ತೇನು?”

“ಇತ್ತಲ್ಲ” ಎಂದರು ದೊಡ್ಡವ್ವ. “ನೀನಿನ್ನೂ ತೊಟ್ಟಿಲಲ್ಲಿದ್ದೆ. ಸೇದುವ ಹಗ್ಗ ಅದಕ್ಕೇ ಕಟ್ಟುತ್ತಿದ್ದರು. ಬುಡದ ಸುತ್ತ ಹಗ್ಗ ಸವೆಸಿದ ಕಚ್ಚು ಇತ್ತು, ನನ್ನ ಬೆರಳು ಹಿಡಿಸುವಷ್ಟು ಆಳ.” ಹಾಗೆ ಹೇಳಿ, ತಮ್ಮ ತೋರುಬೆರಳನ್ನು ಮಡಚಿ ತೋರಿಸಿದರು.