ಪಾಣಿ ಯಾರ ಹೆಸರಲ್ಲಿದೆ?

ಹೋದ ವಾರ ಅಕ್ಕನ ಮಗ ಬೆಂಗಳೂರಿಂದ ಮದ್ದೂರಿಗೆ ಬಂದವನು ಬ್ಯಾಗಿನಿಂದ ಗಾಜಿನ ಫಲಕವೊಂದನ್ನು ತೆಗೆದ. ಅದರಲ್ಲೊಂದು ಪೇಟೆಂಟ್ ನಂಬರು, ಕೆಳಗೆ ಇವನದ್ದೂ ಸೇರಿ ನಾಲ್ಕು ಹೆಸರು. ಎಐ ಮಾಡೆಲ್ ಕಡಿಮೆ ಮೆಮೊರಿಯಲ್ಲಿ ಓಡೋ ಹಾಗೆ ಏನೋ ಮಾಡಿದ್ದಾರಂತೆ. ಅಪ್ಪ ಕನ್ನಡಕ ಹಾಕಿಕೊಂಡು ಫಲಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪಾಣಿ ಯಾರ ಹೆಸ್ರಲ್ಲೈತ್ಲಾ ಮಗಾ?" ಅಂದರು.

ನಾವೆಲ್ಲ ನಕ್ಕೆವು. ಆದರೆ ಕೇಳಬೇಕಾದ್ದೇ ಅದು, ಅಲ್ವಾ? ಪಾಣಿ ಅಂದರೆ ಪಹಣಿ, ಜಮೀನಿನ ದಾಖಲೆ. ಅದರ 9ನೇ ಕಾಲಂನಲ್ಲಿ ಮಾಲೀಕ ಇರುತ್ತಾನೆ, 12ರಲ್ಲಿ ಉಳುವವನು. ಪೇಟೆಂಟಲ್ಲೂ ಕಂಡುಹಿಡಿದವನು ಬೇರೆ, ಒಡೆಯ ಬೇರೆ. ನಮ್ಮ ದೇಶದ ಕಾಯಿದೆಯಲ್ಲೂ ಅರ್ಜಿ ಹಾಕೋ ಹಕ್ಕು ಮೊದಲು ಕಂಡುಹಿಡಿದವನದ್ದೇ, ಆದರೆ ಅವನು ಬೇರೆಯವರಿಗೆ ಬರೆದುಕೊಟ್ಟರೆ ಮುಗೀತು. ಇವನು ಕೆಲಸಕ್ಕೆ ಸೇರಿದ ದಿನವೇ, ಓದದೆ, ಸಹಿ ಹಾಕಿ ಬರೆದುಕೊಟ್ಟಿದ್ದಾನೆ. ಒಡೆಯ ಅಮೆರಿಕದ ಕಂಪನಿ, 20 ವರ್ಷ.

ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ 2024ರಲ್ಲಿ ಜನರೇಟಿವ್ ಎಐ (ಬರಹ, ಚಿತ್ರ ತಾನೇ ಹುಟ್ಟಿಸೋ ಎಐ) ಪೇಟೆಂಟ್‌ಗಳ ಲೆಕ್ಕ ಕೊಟ್ಟಿತ್ತು. 2014ರಿಂದ 2023ರವರೆಗೆ ಚೀನಾ 38,000ಕ್ಕೂ ಜಾಸ್ತಿ, ಅಮೆರಿಕ 6,276, ನಾವು 1,350, ಐದನೇ ಸ್ಥಾನ. ಇದನ್ನು ಹಿಡಿದುಕೊಂಡು ಕುಣಿಯೋರು ಒಂದು ಗಮನಿಸಬೇಕು, ಆ ಲೆಕ್ಕ ಕಂಡುಹಿಡಿದವರು ಯಾವ ದೇಶದಲ್ಲಿದ್ದಾರೆ ಅನ್ನೋದರದ್ದು. ಅಂದರೆ 12ನೇ ಕಾಲಂ. ಮದ್ದೂರಿನ ಹುಡುಗ ಬೆಂಗಳೂರಲ್ಲಿ ಕೂತು ಅಮೆರಿಕಕ್ಕೆ ಮಾಡಿಕೊಟ್ಟಿದ್ದೂ ಇಂಥ ಲೆಕ್ಕದಲ್ಲಿ ಭಾರತದ್ದೇ ಆಗುತ್ತೆ.

ಹಾಗಂತ ಪಾಣಿ ಇದ್ದವನಿಗೇ ಫಸಲು ಅಂತಲೂ ಇಲ್ಲ. ಚಾಟ್‌ಜಿಪಿಟಿಯ ಕೊನೆಯ 'ಟಿ' ಇದೆಯಲ್ಲ, ಟ್ರಾನ್ಸ್‌ಫಾರ್ಮರ್ ಅನ್ನೋ ಎಐ ವಿನ್ಯಾಸ, ಅದನ್ನು 2017ರಲ್ಲಿ ಹೊರಗೆ ತಂದಿದ್ದು ಗೂಗಲ್‌ನ ಎಂಟು ಜನ. ಪೇಟೆಂಟ್ ಗೂಗಲ್ ಹೆಸರಲ್ಲೇ ಇದೆ. ಸಂತೆಗೆ ಮೊದಲು ಗಾಡಿ ಹೊಡೆದಿದ್ದು ಮಾತ್ರ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ. ಆ ಎಂಟೂ ಜನ ಒಬ್ಬೊಬ್ಬರಾಗಿ ಗೂಗಲ್ ಬಿಟ್ಟರು, ಕೈಯಲ್ಲಿದ್ದ ವಿದ್ಯೆಯೂ ಜೊತೆಗೇ ಹೋಯಿತು. ನನಗೇನೋ ಸುಮ್ನೆ ಪೇಟೆಂಟ್ ಎಣಿಸೋದಕ್ಕಿಂತ ಇಂಥ ಹುಡುಗರು ಕೆಲಸ ಬಿಟ್ಟು ಬಂದರೆ ಇಲ್ಲೇ ಏನಾದರೂ ಶುರು ಮಾಡೋಕೆ ದುಡ್ಡು, ಕಂಪ್ಯೂಟರ್ ಸಿಗುತ್ತಾ ಅಂತ ನೋಡೋದು ಮುಖ್ಯ ಅನಿಸುತ್ತೆ.

ಅಪ್ಪನ ಪ್ರಶ್ನೆಗೆ ಬೇರೆ ಕಾರಣವೂ ಇದೆ. ದೇವರಾಜ ಅರಸರ ಕಾಲದಲ್ಲಿ, 1974ರ 'ಉಳುವವನೇ ಒಡೆಯ' ಕಾನೂನಿನಿಂದ, ನನ್ನ ತಾತ ವಾರಕ್ಕೆ, ಅಂದರೆ ಫಸಲಲ್ಲಿ ಒಡೆಯನಿಗೆ ಪಾಲು ಕೊಟ್ಟು, ಮಾಡುತ್ತಿದ್ದ ಎರಡು ಎಕರೆ ನಮ್ಮದಾಯಿತು. ಆ ಕಾಗದ ಈಗಲೂ ಟ್ರಂಕಲ್ಲಿದೆ.

"ಹಂಗಾರೆ ನಿಂಗೆ ವಾರ ಎಷ್ಟು ಕೊಟ್ರು?" ಅಪ್ಪ ಅವನನ್ನು ಕೇಳಿದರು.

"ಒಂದ್ಸಲ ಬೋನಸ್ಸು ತಾತ. ಅಮ್ಮಂಗೆ ವಾಷಿಂಗ್ ಮೆಷಿನ್ ತಗೊಂಡೆ."

ಮೆಷಿನ್ ಹಿತ್ತಲ ಬಾಗಿಲ ಹತ್ತಿರ ಇದೆ. ನಲ್ಲಿ ಇನ್ನೂ ಹಾಕಿಸಿಲ್ಲ.