48ಕ್ಕೆ ಗ್ಲೌಸ್ ಹಾಕಿದ ಕಥೆ

ಕೊಡಗಿನವರ ಕೈಗೆ ಹಾಕಿ ಸ್ಟಿಕ್ ಒಪ್ಪುತ್ತದೆ, ಬಾಕ್ಸಿಂಗ್ ಗ್ಲೌಸ್ ಯಾಕೆ ಅಂತ ಮನೆಯಲ್ಲಿ ನಕ್ಕರು. ನಗಲಿ ಬಿಡಿ. ಮಡಿಕೇರಿಯಲ್ಲಿ ನಿವೃತ್ತ ಫೌಜಿಯೊಬ್ಬರು ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಹೇಳಿಕೊಡುತ್ತಾರೆ. ನನಗಿಂತ ಮುಂಚೆ 10 ವರ್ಷದ ಹುಡುಗಿ, ನನ್ನ ನಂತರ ಅರವತ್ತು ದಾಟಿದ ಕಾಫಿ ತೋಟದ ಮಾಲೀಕರು.

ಮೊದಲ ದಿನ ಗುದ್ದೋಕೇ ಬಿಡಲಿಲ್ಲ. ಕೈಗೆ ನಾಲ್ಕೂವರೆ ಮೀಟರ್ ಪಟ್ಟಿ ಸುತ್ತುವುದೇ ಪಾಠ. ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು, ಆಮೇಲೆ ಬೆರಳಿನ ಸಂದಿಗಳಲ್ಲಿ. ಬಿಗಿಯಾದರೆ ಬೆರಳು ಜುಮ್ಮೆನ್ನುತ್ತದೆ, ಸಡಿಲವಾದರೆ ಮಣಿಕಟ್ಟು ಉಳುಕುತ್ತದೆ. ಹಿಂದೆ ಬೇರೊಂದು ಊರಲ್ಲಿ ಇಪ್ಪತ್ತು ಜನರ ಗುಂಪಿನಲ್ಲಿ ಕಲಿಯೋಕೆ ಹೋಗಿ, ನನ್ನ ಮೊಣಕೈ ಹೊರಗೆ ಚಾಚುತ್ತಿದ್ದುದನ್ನು ಯಾರೂ ನೋಡದೆ, ಒಂದು ತಿಂಗಳು ಕಾಫಿ ಲೋಟ ಎತ್ತೋಕೂ ಆಗದ ಹಾಗೆ ಕೈ ನೋಯಿಸಿಕೊಂಡಿದ್ದೆ. ಇವರು ಎರಡನೇ ಗುದ್ದಿಗೇ ಹಿಡಿದರು.

ಗದ್ದ ಎತ್ತುವ ಚಟಕ್ಕೆ ಗದ್ದದ ಕೆಳಗೆ ಟೆನ್ನಿಸ್ ಚೆಂಡು. ಬಿತ್ತೋ, ಮತ್ತೆ ಮೊದಲಿಂದ. ಜುಲೈ ಮಳೆಗೆ ತಗಡಿನ ಶೀಟಿನ ಸದ್ದಲ್ಲಿ ಮಾತು ಕೇಳೋದೇ ಇಲ್ಲ, ಹಾಗಾಗಿ ಪ್ಯಾಡಿನಿಂದ ಭುಜ ತಟ್ಟಿ ತಪ್ಪು ತೋರಿಸುತ್ತಾರೆ. ಒಂದು ರೌಂಡ್ ಅಂದರೆ 3 ನಿಮಿಷ, ನಡುವೆ 1 ನಿಮಿಷ ವಿರಾಮ. ಆ ಒಂದು ನಿಮಿಷದಷ್ಟು ಬೇಗ ಮುಗಿಯೋದು ಇನ್ನೊಂದಿಲ್ಲ!

ಒಲಿಂಪಿಕ್ಸ್‌ಗೆ ಮಹಿಳೆಯರ ಬಾಕ್ಸಿಂಗ್ ಬಂದದ್ದೇ 2012ರಲ್ಲಿ, ಲಂಡನ್ನಿನಲ್ಲಿ. ಮೇರಿ ಕೋಮ್ ಆಗಲೇ ಕಂಚು ತಂದರು. ಇದನ್ನು ಆ ಹುಡುಗಿಗೆ ಹೇಳಿದೆ. ‘ಅಂಕಲ್, ನಿಮ್ಮ ಚೆಂಡು ಬಿತ್ತು’ ಅಂದಳು.